ಹಿಂದಕ್ಕೆ ಹೋಗುವ ಕೊಂಡಿ

ಸುವರ್ಣಾಳ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಶಾಲೆಯ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಫ್ಯಾನ್ ಕೊಟ್ಟವರ ಫೋಟೊ ಇದೆ, ನೀರಿನ ಫಿಲ್ಟರ್ ಕೊಟ್ಟವರ ಫೋಟೊ ಇದೆ, ಬರೀ ಆಶೀರ್ವಾದ ಕೊಟ್ಟವರ ಫೋಟೊ ಕೂಡ ಬಣ್ಣದಲ್ಲಿದೆ. ಅವಳ ಹೆಸರು ಹುಡುಕಿ ಹುಡುಕಿ ನನಗೆ ಕಣ್ಣುನೋವು ಬಂತೇ ಹೊರತು ಹೆಸರು ಸಿಗಲಿಲ್ಲ. ಮೈ ಉರಿದುಹೋಯಿತು. ಬರೆಯಬೇಕಾದವರು ಬರೆಯದಿದ್ದರೆ ಬಿಡಲಿ, ತಲೆ ಹಣ್ಣಾಗುವವರೆಗೂ ಅಲ್ಲೇ ಗಣಿತ ಹೇಳಿದ ಅಂಬುಜಾ ಟೀಚರ್ ಬರೆಯುತ್ತಾಳೆ. ನನ್ನ ಬಾಯಿ ಜೋರು ಎಂದು ವಿಜಯನಗರಕ್ಕೆಲ್ಲ ಗೊತ್ತು. ಕೈಯೂ ಜೋರೇ ಎಂದು ಈಗ ಗೊತ್ತಾಗಲಿ.

ವಿಜಯನಗರ ಮುಗಿದು ಅತ್ತಿಗುಪ್ಪೆ ಶುರುವಾಗುವ ಕಡೆ ಇದೆ ನಮ್ಮ ನರಸಮ್ಮ ಸ್ಮಾರಕ ಪ್ರೌಢಶಾಲೆ. ನರಸಮ್ಮ ಎಂದರೆ ಶಾಲೆಯ ಕಾರ್ಯದರ್ಶಿ ಪದ್ಮನಾಭ ಅವರ ತಾಯಿ. ಆಡಳಿತವೆಲ್ಲ ಪದ್ಮನಾಭರದ್ದೇ. ಪ್ರತಿ ತರಗತಿಯಲ್ಲೂ ಮೂರು ವಿಭಾಗ: ‘ಎ’ ಮತ್ತು ‘ಬಿ’ ಇಂಗ್ಲಿಷ್ ಮೀಡಿಯಂ, ‘ಸಿ’ ಕನ್ನಡ ಮೀಡಿಯಂ. ಎ ಮತ್ತು ಬಿಗೆ ಸುತ್ತಲಿನ ಬಡಾವಣೆಗಳ ಆಫೀಸು ಹೋಗುವವರ ಮಕ್ಕಳು ಸ್ಕೂಟರಿನಲ್ಲಿ ಬರುತ್ತಿದ್ದರು. ಸಿ ವಿಭಾಗದವರು ಉಲ್ಲಾಳದ ಕಡೆಯಿಂದ, ನಾಗರಬಾವಿಯ ಆಚೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದರು. ಬಹುಪಾಲು ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು.

ಸುವರ್ಣಾ ಸಿ ವಿಭಾಗದ ವಿಜ್ಞಾನದ ಟೀಚರ್. ಮುಧೋಳದ ಕಡೆಯವಳು. ಗಂಡ ಶ್ರೀಶೈಲ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಅವಳನ್ನು ಸರ್ಕಾರ ನೇಮಿಸಿರಲಿಲ್ಲ, ಆಡಳಿತ ಮಂಡಳಿ ವರ್ಷವರ್ಷಕ್ಕೆ ನೇಮಿಸಿಕೊಳ್ಳುತ್ತಿತ್ತು. ಅಂದರೆ ಪದ್ಮನಾಭರಿಗೆ ಬೇಡವಾದ ದಿನ ಅವಳು ಮನೆಗೆ. ಬಂದ ಹೊಸದರಲ್ಲಿ ಸ್ಟಾಫ್ ರೂಮಿನಲ್ಲಿ ಯಾರೋ ಹಲ್ಲು ಕಿರಿದುಕೊಂಡು, “ಏನ್ ಮೇಡಂ, ನೀವು ಮಾತಾಡಿದ್ರೆ ಜಗಳ ಆಡ್ದಂಗೇ ಇರುತ್ತಲ್ಲ” ಅಂದರು. ಅವಳು ಡಬ್ಬಿಯ ಮುಚ್ಚಳ ತೆಗೆಯುತ್ತ, “ಜಗಳಾ ಆಡಿದಾಗ ನಾನ ಹೇಳ್ತೀನ್ರಿ, ನಿಮಗ ಗೊತ್ತಾಗ್ತೈತಿ” ಅಂದಳು. ಆವತ್ತೇ ನನಗೆ ಅವಳು ಹಿಡಿಸಿಬಿಟ್ಟಳು.

ಸಿ ವಿಭಾಗದ ಮಕ್ಕಳ ಓದು ಎಂದರೆ ತೂತು ಬಿದ್ದ ಕೊಡದ ನೀರು. ಅಪ್ಪ ಅವ್ವ ಎಲ್ಲಿ ಕಟ್ಟಡ ಕಟ್ಟುತ್ತಾರೋ ಅಲ್ಲಿಗೆ ಮಕ್ಕಳು. ಯುಗಾದಿಗೆ ಊರಿಗೆ ಹೋದವರು ಕಾರಹುಣ್ಣಿಮೆ ಮುಗಿಸಿ ಬರುತ್ತಿದ್ದರು. ಒಂದು ಮಗು ಮೂರನೇ ತರಗತಿ ಓದಿದ್ದು ಗೋವಾದಲ್ಲಿ, ಐದನೇ ತರಗತಿ ಓದಿದ್ದು ಎಲ್ಲೆಂದು ಅದಕ್ಕೇ ಗೊತ್ತಿಲ್ಲ. ಪಾಸು ಮಾತ್ರ ಎಲ್ಲ ಶಾಲೆಯವರೂ ಮಾಡಿ ಕಳಿಸಿದ್ದರು. ಹತ್ತನೇ ತರಗತಿಗೆ ಬಂದು ಬೆಂಚಿನ ಮೇಲೆ ಕೂತಾಗ ಅವರಿಗೆ ಏನು ಗೊತ್ತಿಲ್ಲ ಎನ್ನುವುದು ನಮಗೂ ಗೊತ್ತಿರುತ್ತಿರಲಿಲ್ಲ, ಅವರೂ ಬಾಯಿ ಬಿಡುತ್ತಿರಲಿಲ್ಲ.

ಎರಡು ಸಾವಿರದ ಏಳರ ಜೂನ್‌ನಲ್ಲಿ ಒಂದು ದಿನ ಸುವರ್ಣಾ ನನ್ನ ಮುಂದೆ ಒಂದು ನೋಟ್‌ಬುಕ್ ತಂದಿಟ್ಟಳು. ಚೇತನಾ ಎನ್ನುವ ಹುಡುಗಿಯದು. ಸಿಂದಗಿ ಕಡೆಯವರು, ಉಲ್ಲಾಳದ ಹೊಸ ಲೇಔಟಿನಲ್ಲಿ ಶೆಡ್ಡಿನಲ್ಲಿದ್ದರು. ಪೀನ ಮಸೂರದ ಲೆಕ್ಕ. ಸೂತ್ರ ಮುತ್ತಿನ ಹಾಗೆ ಬರೆದಿದ್ದಳು, ಕೆಳಗೆ ಲೆಕ್ಕ ಮಾತ್ರ ಎಕ್ಕುಟ್ಟಿಹೋಗಿತ್ತು.

“ಅಕ್ಕಾರ, ಈಕಿಗೆ ಮಸೂರ ಬರತೈತಿ, ಭಿನ್ನರಾಶಿ ಬರಂಗಿಲ್ಲ” ಅಂದಳು ಸುವರ್ಣಾ.

“ಹತ್ತನೇ ಕ್ಲಾಸಲ್ಲಿ ನಾನು ಅರ್ಧ ಕಾಲು ಹೇಳ್ಕೊಂಡು ಕೂತ್ಕೊಳ್ಳಾ? ಪೋರ್ಷನ್ ಯಾರು ಮುಗಿಸ್ತಾರೆ, ನಿಮ್ಮಪ್ಪನಾ?”

“ನೀವು ಕೂಡಬ್ಯಾಡ್ರಿ. ನಾಕನೇತ್ತ ಹುಡುಗ್ರಿಗೆ ಹೆಂಗ ಹೇಳ್ತೀರೋ ಹಂಗ ಒಂದು ಹಾಳಿ ಬರದು ಕೊಡ್ರಿ. ನಾ ಕಟ್ತೀನಿ.”

ಏನು ಕಟ್ಟುತ್ತಾಳೆ ಎಂದು ನನಗೆ ಅರ್ಥವಾಗಲಿಲ್ಲ. ಬೈದುಕೊಂಡೇ ಬರೆದು ಕೊಟ್ಟೆ.

ಅವಳು ಕಟ್ಟಿದ್ದು ಹೀಗೆ. ಮನೆಯಲ್ಲಿ ಶ್ರೀಶೈಲ ಬಿಡಿಭಾಗ ತಂದು ಜೋಡಿಸಿಕೊಟ್ಟ ಒಂದು ಕಂಪ್ಯೂಟರ್ ಇತ್ತು. ಅದರಲ್ಲಿ ಒಂದೊಂದು ಪಾಠಕ್ಕೆ ಒಂದೊಂದು ಫೈಲ್ ಮಾಡಿ ಕನ್ನಡದಲ್ಲಿ ಟೈಪ್ ಮಾಡಿದಳು. ಪಾಠದ ಕೊನೆಗೆ ಹೋಂವರ್ಕ್ ಪ್ರಶ್ನೆಗಳು. ಪ್ರತಿ ಪ್ರಶ್ನೆಯ ಕೆಳಗೆ ನೀಲಿ ಅಕ್ಷರದಲ್ಲಿ ಒಂದು ಸಾಲು: ‘ಗೊತ್ತಾಗಲಿಲ್ಲವೇ? ಹಿಂದಕ್ಕೆ ಹೋಗು.’ ಅದರ ಮೇಲೆ ಒತ್ತಿದರೆ ಉತ್ತರ ಬರುತ್ತಿರಲಿಲ್ಲ. ಆ ಪ್ರಶ್ನೆ ಹುಟ್ಟಿದ ಪ್ಯಾರಾ ತೆರೆದುಕೊಳ್ಳುತ್ತಿತ್ತು. ಅದೂ ಅರ್ಥವಾಗದಿದ್ದರೆ ಅಲ್ಲೂ ನೀಲಿ ಸಾಲು, ಒತ್ತಿದರೆ ಎಂಟನೇ ತರಗತಿಯ ಪಾಠ. ಅಲ್ಲಿಂದ ಆರನೆಯದು, ಅಲ್ಲಿಂದ ನಾಲ್ಕನೆಯದು. ಎಲ್ಲಿ ಕಾಲಿಗೆ ನೆಲ ಸಿಕ್ಕಿತೋ ಅಲ್ಲಿ ಇನ್ನೊಂದು ಸಾಲು: ‘ಗೊತ್ತಾಯಿತೇ? ಮುಂದಕ್ಕೆ ಬಾ.’ ಇದಕ್ಕೆಲ್ಲ ಅವಳು ಕೊಂಡಿ ಎನ್ನುತ್ತಿದ್ದಳು. ಮಕ್ಕಳು ಬರೆದ ಉತ್ತರವನ್ನೂ ಅವರವರ ಹೆಸರಿನ ಫೈಲಿನಲ್ಲೇ ತಿದ್ದುತ್ತಿದ್ದಳು. ತಪ್ಪು ಎಂದು ಬರೆಯುತ್ತಿರಲಿಲ್ಲ. ತಪ್ಪಿದ ಜಾಗದಿಂದ ಮತ್ತೆ ಓದಬೇಕಾದ ಜಾಗಕ್ಕೆ ಒಂದು ಕೊಂಡಿ ಹಾಕಿ ಬಿಡುತ್ತಿದ್ದಳು. ನನ್ನ ಅರ್ಧ ಕಾಲಿನ ಹಾಳೆಗೆ ದುಂಡನೆಯ ಜೋಳದ ರೊಟ್ಟಿಗಳ ಚಿತ್ರ ಬಿಡಿಸಿದ್ದಳು. ನಾನು ಬರೆದಿದ್ದು ಚಪಾತಿ ಎಂದು.

ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಕೊನೆಯ ಪೀರಿಯಡ್ ಖಾಲಿ ಇರುತ್ತಿತ್ತು. ನಿವೃತ್ತಿಗೆ ಹತ್ತಿರವಿದ್ದ ನಮ್ಮ ಹೆಡ್ ಮಿಸ್ಟ್ರೆಸ್ ಅನಂತಲಕ್ಷ್ಮಿಯವರು ಯಾರು ಏನು ಕೇಳಿದರೂ ಹೂಂ ಅನ್ನುವವರು, ಇದಕ್ಕೂ ಹೂಂ ಅಂದರು. ಸಿ ವಿಭಾಗದ ಮಕ್ಕಳು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಆಯುಧಪೂಜೆಯ ಕುಂಕುಮ ಒಣಗಿಹೋಗಿದ್ದ ಆ ಕಂಪ್ಯೂಟರ್‌ಗಳ ಮುಂದೆ ಮೂರು ಮೂರು ಜನ ಒತ್ತಿಕೊಂಡು ಕೂರುತ್ತಿದ್ದರು. ಯಾರು ಯಾವ ತರಗತಿಯ ಪಾಠದಲ್ಲಿದ್ದಾರೆ ಎಂದು ಯಾರೂ ಕೇಳುವಂತಿರಲಿಲ್ಲ. ಅದು ಸುವರ್ಣಾಳ ಕಾನೂನು. ಚೇತನಾ ಜುಲೈ ಪೂರ್ತಿ ರೊಟ್ಟಿ ಹರಿದಳು. ಬಾಯಿ ಬಿಡದಿದ್ದ ಹುಡುಗಿ ಕೈಯೆತ್ತಿ, “ಅಕ್ಕಾರ, ಛೇದ ಅಂದ್ರ ಏನ್ರಿ” ಎಂದು ಕೇಳಿದ ದಿನ ಸುವರ್ಣಾ ಸ್ಟಾಫ್ ರೂಮಿಗೆ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು.

ಇದರ ಮೇಲೆ ಪದ್ಮನಾಭರ ಕಣ್ಣು ಬಿತ್ತು. ಆಗಸ್ಟಿನಲ್ಲಿ ರಾಜಾಜಿನಗರದ ಯಾರೋ ದೊಡ್ಡ ಮನುಷ್ಯರಿಗೆ ಶಾಲೆ ತೋರಿಸುತ್ತ ಲ್ಯಾಬಿಗೆ ಬಂದರು. ಚೇತನಾಳ ಕಂಪ್ಯೂಟರಿನ ತುಂಬ ರೊಟ್ಟಿ. ಬಂದವರು ಬಗ್ಗಿ ನೋಡಿ, “ಇದು ಎಷ್ಟನೇ ಕ್ಲಾಸು?” ಅಂದರು. “ಟೆಂತ್” ಅಂದರು ಪದ್ಮನಾಭರು. ಬಂದವರು ನಕ್ಕರು. ಅಷ್ಟೇ ಆದದ್ದು. ಆ ನಗುವಿಗೆ ಪದ್ಮನಾಭರ ಮುಖ ಬೆಂದ ಬದನೆಕಾಯಿಯಾಯಿತು.

ಸಂಜೆ ಸುವರ್ಣಾಳನ್ನು ಕರೆಸಿದರು. ನಾನೂ ಜೊತೆಗೆ ಹೋದೆ, ನನ್ನನ್ನು ಕರೆದಿರಲಿಲ್ಲ.

“ನೋಡಿ ಮೇಡಂ, ಕಂಪ್ಯೂಟರ್ ಪಾಠ ಚೆನ್ನಾಗಿದೆ, ನಂಗೂ ಹೆಮ್ಮೆನೇ” ಅಂದರು ಪದ್ಮನಾಭರು. “ಆದ್ರೆ ಆ ನಾಲ್ಕನೇ ಕ್ಲಾಸು, ಐದನೇ ಕ್ಲಾಸು ಎಲ್ಲಾ ತೆಗೆದುಬಿಡಿ. ಟೆಂತ್ ಇದ್ರೆ ಸಾಕು. ಮಾಡೆಲ್ ಆನ್ಸರ್ ಹಾಕಿ, ಬಾಯಿಪಾಠ ಮಾಡ್ಲಿ. ಹೊರಗಿನೋರು ನೋಡಿದ್ರೆ ಏನಂದ್ಕೋತಾರೆ?”

“ಹುಡುಗ್ರಿಗೆ ಗೊತ್ತಿಲ್ಲಾ ಅಂದ್ಕೋತಾರ್ರಿ. ಖರೇನ ಗೊತ್ತಿಲ್ಲ. ಅದಕ್ಕ ಓದಾಕತ್ತಾರ.”

“ಶಾಲೆ ಮರ್ಯಾದೆ ಪ್ರಶ್ನೆ ಇದು.”

“ಹುಡುಗ್ರದು ಪಾಸು ಫೇಲಿನ ಪ್ರಶ್ನೆ ಐತ್ರಿ.”

ಪದ್ಮನಾಭರು ಪೆನ್ನು ಮೇಜಿನ ಮೇಲಿಟ್ಟರು. “ತೆಗೀತೀರೋ, ಇಲ್ಲ ಸಿ ಸೆಕ್ಷನ್‌ಗೆ ಲ್ಯಾಬ್ ಬಂದ್ ಮಾಡ್ಸ್ಲೋ? ನೀವೇ ಹೇಳಿ.”

ಹೊರಗೆ ಬಂದು ನಾನೇ ಅವಳಿಗೆ ಬುದ್ಧಿ ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸದ್ಯಕ್ಕೆ ತೆಗೆದಂತೆ ಮಾಡು, ಲ್ಯಾಬ್ ಉಳಿಯಲಿ, ಆಮೇಲೆ ಹಾಕಿಕೊಂಡರಾಯಿತು ಅಂದೆ. ಅವಳು ನಿಂತುಬಿಟ್ಟಳು. “ಅಕ್ಕಾರ, ತಗದೆ ಅಂದ್ರ ಆ ಹುಡುಗಿಗೆ ನಾ ಏನ್ ಹೇಳ್ದಂಗಾತು? ನಿನಗ ಗೊತ್ತಿಲ್ಲದ್ದು ನಾಚಿಕಿ ಮಾತು, ಮುಚ್ಚಿಟ್ಕೋ ಅಂತ. ಈಗ ಬಾಯಿ ಬಿಟ್ಟಾಳ. ನಾ ಅದನ್ನ ಮತ್ತ ಮುಚ್ಚಂಗಿಲ್ಲ.”

ಮರುದಿನ ಕೊನೆಯ ಪೀರಿಯಡ್‌ಗೆ ಮಕ್ಕಳು ಹೋದಾಗ ಲ್ಯಾಬಿಗೆ ಬೀಗ. ಕೀಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದ ಸಮರ್ಥನ ಹತ್ತಿರ. ಅವನು ಪದ್ಮನಾಭರ ಅಕ್ಕನ ಮಗ. ಪಾಪ, ಕೆಟ್ಟವನಲ್ಲ. ಮಾವ ನಿಲ್ಲು ಅಂದರೆ ನಿಲ್ಲುವವನು, ಕೂರು ಅಂದರೆ ಕೂರುವವನು. “ನಂಗೇನ್ ಗೊತ್ತು ಮಿಸ್, ಸಾರ್ ಹೇಳಿದಾರೆ” ಎಂದು ನೆಲ ನೋಡಿದ. ಚಪ್ಪಲಿ ಬಿಟ್ಟಿದ್ದ ಮಕ್ಕಳು ಮತ್ತೆ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದರು. ಎ ವಿಭಾಗದ ಹುಡುಗರು ಮೇಲಿಂದ ರೊಟ್ಟಿ, ರೊಟ್ಟಿ ಎಂದು ಕೂಗಿದರು. ನಾನು ಎರಡೆರಡು ಮೆಟ್ಟಿಲು ಹತ್ತಿ ಹೋಗಿ ಅವರಿಗೆ ಉಗಿದು ಉಪ್ಪಿನಕಾಯಿ ಹಾಕಿದೆ.

ಸುವರ್ಣಾ ಅಳಲಿಲ್ಲ, ಅರ್ಜಿ ಬರೆಯಲಿಲ್ಲ. ಅತ್ತಿಗುಪ್ಪೆಯಲ್ಲಿ ಕಿಟ್ಟಿ ಎನ್ನುವವನ ಸೈಬರ್ ಸೆಂಟರ್ ಇತ್ತು. ಹುಡುಗರು ಅರ್ಧ ಬಾಗಿಲಿನ ಗೂಡಿನಲ್ಲಿ ಕೂತು ಚಾಟ್ ಮಾಡುವ ಜಾಗ. ಭಾನುವಾರ ಬೆಳಿಗ್ಗೆ ಅಲ್ಲಿ ನೊಣ ಹೊಡೆಯುವವರೂ ಇರುತ್ತಿರಲಿಲ್ಲ. ಹೋಗಿ ಕೇಳಿದಳು. “ಯಾರೂ ಬರಲ್ಲ ಆಂಟಿ ಆ ಟೈಮಲ್ಲಿ, ಕೂತ್ಕೊಳ್ಲಿ ಬಿಡಿ. ಸಿಸ್ಟಮ್ ಹಾಳ್ ಮಾಡ್ಬಾರ್ದು ಅಷ್ಟೆ” ಅಂದ ಕಿಟ್ಟಿ. ಮೊದಲ ಭಾನುವಾರ ಫೈಲ್ ತೆರೆದರೆ ಅಲ್ಲಿ ಕನ್ನಡದ ಫಾಂಟೇ ಇಲ್ಲ. ಪಾಠವೆಲ್ಲ ಇಂಗ್ಲಿಷ್ ಅಕ್ಷರ, ಅಡ್ಡಗೆರೆ, ಡಾಲರ್ ಗುರುತು ಸೇರಿ ಮಣ್ಣುಮಸಿಯಾಗಿ ಕಂಡಿತು. ಮಕ್ಕಳ ಮುಖ ಸಣ್ಣದಾಯಿತು. ಅವಳು ಮನೆಗೆ ಓಡಿ ಫಾಂಟ್ ತಂದು ಒಂದೊಂದು ಕಂಪ್ಯೂಟರಿಗೂ ಹಾಕಿದಳು. ಮಕ್ಕಳು ಅಭ್ಯಾಸಬಲದಿಂದ ಚಪ್ಪಲಿಯೆಲ್ಲ ಫುಟ್‌ಪಾತಿನ ಮೇಲೆ ಬಿಟ್ಟಿದ್ದರು. ದಾರಿಯಲ್ಲಿ ಹೋಗುವ ಒಬ್ಬ ಅಜ್ಜಿ ಒಳಗೇನೋ ಪೂಜೆ ಎಂದುಕೊಂಡು ಬಾಗಿಲಲ್ಲೇ ಕೈಮುಗಿದು ಹೋದರು. ನಾನೂ ಭಾನುವಾರದ ತಿಂಡಿ ಕೆಲಸ ಮನೆಯವರ ತಲೆಗೆ ಕಟ್ಟಿ ಅಲ್ಲಿಗೆ ಹೋಗತೊಡಗಿದೆ.

ಆದರೆ ವಾರಕ್ಕೊಂದು ದಿನ ಸಾಲುತ್ತಿರಲಿಲ್ಲ. ಉಲ್ಲಾಳದಿಂದ ಭಾನುವಾರ ಬಸ್ಸು ಹಿಡಿದು ಬರಲು ಎಲ್ಲರ ಮನೆಯಲ್ಲೂ ಬಿಡುತ್ತಿರಲಿಲ್ಲ. ಮೊದಲು ಇಬ್ಬರು ಬರುವುದು ನಿಲ್ಲಿಸಿದರು, ಆಮೇಲೆ ಇನ್ನೊಂದಿಷ್ಟು ಜನ. ಚೇತನಾಳೇ ಎರಡು ಸಲ ತಪ್ಪಿಸಿದಳು. ಪರೀಕ್ಷೆ ಮಾರ್ಚಿನಲ್ಲಿ. ಲ್ಯಾಬ್ ತೆರೆಯದಿದ್ದರೆ ಈ ಮಕ್ಕಳು ಮುಳುಗುತ್ತಾರೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ನವೆಂಬರ್ ಬಂತು. ನಮ್ಮ ಕಡೆ ರಾಜ್ಯೋತ್ಸವ ಒಂದು ದಿನದ ಹಬ್ಬವಲ್ಲ, ತಿಂಗಳಿಡೀ ಬೀದಿಬೀದಿಗೆ ಬಾವುಟ, ಬೀದಿಬೀದಿಗೆ ಆರ್ಕೆಸ್ಟ್ರಾ. ಶಾಲೆಯಲ್ಲೂ ಸಮಾರಂಭ ಇಟ್ಟುಕೊಂಡರು. ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ಆಮಂತ್ರಣ ಪತ್ರಿಕೆ ಓದಿದ ನನಗೆ ಕಾಫಿ ನೆತ್ತಿಗೇರಿತು: ‘ಶ್ರೀಮತಿ ನರಸಮ್ಮ ಸ್ಮಾರಕ ಕನ್ನಡ ಗಣಕ ಪಾಠಮಾಲೆ, ಸಿ.ಡಿ. ಬಿಡುಗಡೆ.’ ಲ್ಯಾಬಿನ ಕಂಪ್ಯೂಟರಿನಲ್ಲಿ ಉಳಿದಿದ್ದ ಸುವರ್ಣಾಳ ಪಾಠಗಳನ್ನೇ ಎತ್ತಿಕೊಂಡಿದ್ದರು. ಕನ್ನಡದ ಮಕ್ಕಳಿಗೆ ಬೀಗ, ಕನ್ನಡದ ಸಿ.ಡಿ.ಗೆ ಹಾರ. ಕೇಳಲು ಹೊರಟ ನನ್ನನ್ನು ಸುವರ್ಣಾಳೇ ತಡೆದಳು. “ಬಿಡುಗಡಿ ಮಾಡ್ಲಿ ಬಿಡ್ರಿ ಅಕ್ಕಾರ. ಪಾಠ ನಾಕ್ ಮಂದಿಗೆ ಮುಟ್ಟಿದ್ರ ನನಗೇನ್ ಹೊಟ್ಟಿಕಿಚ್ಚಿಲ್ಲ” ಅಂದಳು.

ಪದ್ಮನಾಭರು ಸಮರ್ಥನಿಗೆ ಎರಡು ಅಪ್ಪಣೆ ಕೊಟ್ಟಿದ್ದರಂತೆ. ಕೆಳಗಿನ ತರಗತಿಗಳ ಪಾಠ ಪೂರ್ತಿ ಅಳಿಸುವುದು ಒಂದು. ಇನ್ನೊಂದು, ಉಳಿದ ಪ್ರತಿ ಪಾಠದ ಮುಂದೂ ತಾಯಿಯವರ ಹೆಸರು ಬರುವುದು. ಶಾಲೆಯ ಬೆಂಚು, ಬಕೆಟ್ಟು, ಗಂಟೆ ಎಲ್ಲದರ ಮೇಲೂ ನರಸಮ್ಮನವರ ಹೆಸರಿದೆ, ಪಾಠಕ್ಕೆ ಬೇಡವೇ? ಸಮರ್ಥ ಚಾಚೂ ತಪ್ಪಲಿಲ್ಲ. ‘ಬೆಳಕು’ ಎಂದಿದ್ದ ಫೈಲನ್ನು ‘ಶ್ರೀಮತಿ ನರಸಮ್ಮ ಸ್ಮಾರಕ ಬೆಳಕು’ ಮಾಡಿದ, ‘ಶಬ್ದ’ವನ್ನು ‘ಶ್ರೀಮತಿ ನರಸಮ್ಮ ಸ್ಮಾರಕ ಶಬ್ದ’ ಮಾಡಿದ, ‘ಆಮ್ಲಗಳು’ ಕೂಡ ನರಸಮ್ಮನವರದ್ದಾದವು. ಒಂದೊಂದು ಫೈಲನ್ನೂ ನೇರವಾಗಿ ತೆರೆದು ನೋಡಿದ, ತೆರೆದುಕೊಂಡವು. ಸಿ.ಡಿ. ಮಾಡಿಸಿದ.

ಸಮಾರಂಭದ ಸಂಜೆ ಅಂಗಳದ ತುಂಬ ಜನ. ಮುಂದಿನ ಕುರ್ಚಿಗಳಲ್ಲಿ ಎ, ಬಿ ವಿಭಾಗದ ಅಪ್ಪ ಅಮ್ಮಂದಿರು. ಸಿ ವಿಭಾಗದವರು ಕಾಂಪೌಂಡಿಗೆ ಒರಗಿ ನಿಂತಿದ್ದರು. ಅಧಿಕಾರಿಗಳಿಗೆ ಮೈಸೂರು ಪೇಟ ತೊಡಿಸಿದ್ದರು, ಅದು ಕಿವಿ ಮೇಲೆ ಜಾರುತ್ತಿತ್ತು. ಪದ್ಮನಾಭರು ಕನ್ನಡದ ಉದ್ಧಾರದ ಬಗ್ಗೆ ಬಹಳ ಹೊತ್ತು ಮಾತಾಡಿ, ಬಾಡಿಗೆಗೆ ತಂದ ಪ್ರೊಜೆಕ್ಟರಿನಲ್ಲಿ ಪಾಠಮಾಲೆ ತೋರಿಸಲು ಕಂಪ್ಯೂಟರಿನ ಮುಂದೆ ನಿಂತರು. ಪರಿವಿಡಿ ದೊಡ್ಡದಾಗಿ ಪರದೆಯ ಮೇಲೆ ಬಂತು. ‘ಬೆಳಕು’ ಒತ್ತಿದರು. ಪಾಠದ ಬದಲು ಇಂಗ್ಲಿಷಿನಲ್ಲಿ ಒಂದು ಚೌಕಟ್ಟು ಬಂತು, ಫೈಲ್ ಸಿಗುತ್ತಿಲ್ಲ ಎಂದು. ‘ಶಬ್ದ’ ಒತ್ತಿದರು, ಅದೇ ಚೌಕಟ್ಟು. ‘ಆಮ್ಲಗಳು’ ಒತ್ತಿದರು. ಜನ ಗುಸುಗುಸು ಶುರು ಮಾಡಿದರು.

“ಸಾರ್, ನಿನ್ನೆ ಒಂದೊಂದೇ ಓಪನ್ ಮಾಡಿ ನೋಡಿದ್ದೆ ಸಾರ್, ಎಲ್ಲಾ ಬರ್ತಾ ಇತ್ತು” ಎಂದು ಸಮರ್ಥ ಬೆವರಿದ.

ಪದ್ಮನಾಭರು ಮೈಕಿನಲ್ಲೇ ಸುವರ್ಣಾಳನ್ನು ಕರೆದರು. ಅವಳು ವೇದಿಕೆ ಹತ್ತಿ, ಒಂದು ಸಲ ನೋಡಿ, ಮೈಕಿನ ಕಡೆ ತಿರುಗಿದಳು. “ಪಾಠದ ಹೆಸರು ಬದಲಿ ಮಾಡ್ಯಾರ್ರಿ. ಎಲ್ಲಾದ್ರ ಮುಂದ ತಾಯಿಯವರ ಹೆಸರು ಹಚ್ಚ್ಯಾರ. ಕೊಂಡಿ ಹಳೇ ಹೆಸರು ಹಿಡದು ಹುಡುಕತೈತಿ, ಸಿಗವಲ್ದು.” ಹಿಂದೆ ಕಾಂಪೌಂಡಿನ ಹತ್ತಿರ ಯಾರೋ ಕಿಸಕ್ಕನೆ ನಕ್ಕರು.

“ಮೊದಲಿನದು ಇದೆಯೇನಮ್ಮ ನಿಮ್ಮ ಹತ್ರ?” ಅಂದರು ಅಧಿಕಾರಿಗಳು.

“ಐತ್ರಿ.” ವ್ಯಾನಿಟಿ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದಳು.

ಪದ್ಮನಾಭರು ಮೈಕಿಗೆ ಕೈ ಅಡ್ಡ ಹಿಡಿದು, ಮುಂದಿನ ಸಾಲಿನಲ್ಲಿದ್ದ ನನಗೂ ಕೇಳುವಂತೆ ಪಿಸುಗುಟ್ಟಿದರು. “ಹಾಕಿ ಮೇಡಂ, ಬೇಗ. ಟೆಂತ್ ಮಾತ್ರ ತೋರ್ಸಿ. ಕೆಳಗಿಂದು ಬೇಡ.”

“ಹಾಕಿದ್ರ ಪೂರ್ತಿ ಹಾಕ್ತೀನ್ರಿ ಸರ್.”

“ಎಲ್ಲಾರ ಮುಂದೆ ಮಾನ ಕಳೀಬೇಡಿ.”

ಸುವರ್ಣಾ ಪೆನ್‌ಡ್ರೈವ್ ಮತ್ತೆ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಕೈಕಟ್ಟಿ ನಿಂತಳು. ಅವಳ ಕೆಲಸ ಹೋಯಿತು ಎಂದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು, ಅವಳಿಗೂ ಗೊತ್ತಿತ್ತು. ಪದ್ಮನಾಭರು ಅಧಿಕಾರಿಗಳ ಕಡೆ ನೋಡಿ ಹಲ್ಲು ಬಿಟ್ಟರು. ಅಧಿಕಾರಿಗಳು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಪೂರ್ತಿನೇ ತೋರಿಸಲಿ ಬಿಡಿ, ನನಗೇನೂ ಅವಸರವಿಲ್ಲ” ಅಂದರು.

ಅವಳು ಪೆನ್‌ಡ್ರೈವ್ ಸಿಕ್ಕಿಸಿದಳು, ತಾನು ಮಾತ್ರ ಕಂಪ್ಯೂಟರ್ ಮುಟ್ಟಲಿಲ್ಲ. “ಚೇತನಾ, ಬಾ ಇಲ್ಲೆ” ಎಂದು ಕಾಂಪೌಂಡಿನ ಕಡೆಗೆ ಕೂಗಿದಳು. ಹುಡುಗಿ ವೇದಿಕೆಯ ಕೆಳಗೆ ಚಪ್ಪಲಿ ಬಿಟ್ಟು ಹತ್ತಿದಳು. ಬೆಳಕಿನ ಪಾಠ ತೆರೆದುಕೊಂಡಿತು. ಕೊನೆಯಲ್ಲಿ ಒಂದು ಲೆಕ್ಕ: ಪೀನ ಮಸೂರದಿಂದ ವಸ್ತು ಮೂವತ್ತು ಸೆಂಟಿಮೀಟರ್ ದೂರದಲ್ಲಿದೆ, ಪ್ರತಿಬಿಂಬ ಆಚೆ ಅರವತ್ತು ಸೆಂಟಿಮೀಟರ್ ದೂರದಲ್ಲಿ ಬಿದ್ದಿದೆ, ಸಂಗಮ ದೂರ ಎಷ್ಟು? ಪಕ್ಕದ ಕಪ್ಪು ಹಲಗೆಯ ಮೇಲೆ ಬರೆಯತೊಡಗಿದಳು. ಮೂವತ್ತರಲ್ಲಿ ಒಂದು, ಅರವತ್ತರಲ್ಲಿ ಒಂದು, ಕೂಡಿಸಬೇಕು. ಮೇಲಿನ ಒಂದು ಒಂದು ಸೇರಿಸಿ ಎರಡು, ಕೆಳಗಿನ ಮೂವತ್ತು ಅರವತ್ತು ಸೇರಿಸಿ ತೊಂಬತ್ತು. ಉತ್ತರ ನಲವತ್ತೈದು. ಅಯ್ಯೋ ಶಿವನೇ ಅಂದುಕೊಂಡೆ. ಭಿನ್ನರಾಶಿಯಲ್ಲಿ ಎಲ್ಲರೂ ಬೀಳುವ ಹಳ್ಳಕ್ಕೇ ಬಿದ್ದಿದ್ದಳು.

ಮುಂದಿನ ಸಾಲಿನ ಹುಡುಗರು ನಕ್ಕರು. ಒಬ್ಬ ತಂದೆಯೂ ನಕ್ಕ. ಚೇತನಾಳ ಕೈಯ ಸೀಮೆಸುಣ್ಣ ಮುರಿಯಿತು. ಪದ್ಮನಾಭರು ಮುಂದೆ ಬಂದು, “ಸರಿ ಸರಿ, ಹೋಗಮ್ಮ ನೀನು, ಮುಂದಿನ ಕಾರ್ಯಕ್ರಮ…” ಅನ್ನುತ್ತಿದ್ದರು.

“ನಿಂದ್ರ್ರಿ ಸರ್” ಅಂದಳು ಸುವರ್ಣಾ. ಹುಡುಗಿಯ ಕಡೆ ತಿರುಗಿ, ಲ್ಯಾಬಿನಲ್ಲಿ ದಿನಾ ಹೇಳುವ ದನಿಯಲ್ಲೇ ಹೇಳಿದಳು. “ಹಿಂದಕ್ಕ ಹೋಗು.”

“ಅಕ್ಕಾರ, ಮಂದಿ ನೋಡಾಕತ್ತಾರ್ರಿ.”

“ನೋಡ್ಲಿ. ಮಂದಿ ಕಾಯ್ತಾರ. ನೀ ಹೋಗು.”

ಚೇತನಾ ನೀಲಿ ಸಾಲು ಒತ್ತಿದಳು. ಎಂಟನೇ ತರಗತಿ. ಮತ್ತೆ ಒತ್ತಿದಳು. ಆರನೇ ತರಗತಿ. ಮತ್ತೆ ಒತ್ತಿದಳು. ಪರದೆಯ ತುಂಬ ರೊಟ್ಟಿ ಬಂದವು, ಮೇಲೆ ದಪ್ಪಕ್ಷರದಲ್ಲಿ ‘ನಾಲ್ಕನೇ ತರಗತಿ’. ಈಗ ನಗು ಜೋರಾಯಿತು. ನಾನು ಎದ್ದು ನಿಂತು ಹಿಂದೆ ತಿರುಗಿ ನೋಡಿದೆ. ನನ್ನ ಆ ನೋಟ ಇಡೀ ಶಾಲೆಗೆ ಪರಿಚಿತ, ನಗು ಅಡಗಿತು.

ಅಧಿಕಾರಿಗಳು ಕೇಳಿದರು, “ನೀನು ಹತ್ತನೇ ತರಗತಿ ಅಲ್ವೇನಮ್ಮ? ಇದು ನಾಲ್ಕನೇ ತರಗತಿದು.”

“ಹೌದ್ರಿ ಸರ್” ಅಂದಳು ಚೇತನಾ. “ನಾಕನೇತ್ತದಾಗ ನಾ ಸಾಲ್ಯಾಗ ಇರ್ಲಿಲ್ರಿ. ರತ್ನಗಿರಿಗೆ ದುಡ್ಯಾಕ ಹೋಗಿದ್ವಿ, ತಮ್ಮನ್ನ ನೋಡ್ಕೊಂಡು ಕುಂತಿದ್ದೆ. ಅದನ್ನ ಈಗ ಓದಾಕತ್ತೀನ್ರಿ.”

ಅವ್ವ ಅಪ್ಪ ಕಾಂಪೌಂಡಿನ ಹತ್ತಿರ ನಿಂತಿದ್ದರು, ಅವಳು ಅವರ ಕಡೆ ನೋಡಲಿಲ್ಲ. ನಿಧಾನವಾಗಿ ಓದಿದಳು. ಆ ಹಾಳೆ ಬರೆಯುವಾಗ ನಾನು ಬೈದುಕೊಂಡು ಬರೆದಿದ್ದೆ, ಹುಡುಗಿ ಅದನ್ನು ದೇವರ ಮುಂದೆ ಕೂತವಳ ಹಾಗೆ ಓದುತ್ತಿದ್ದಳು. ಅಡುಗೆಯವರು ಕೇಸರಿಬಾತಿನ ಪಾತ್ರೆಯ ಮುಚ್ಚಳ ತೆಗೆಯುತ್ತ ಮುಚ್ಚುತ್ತ ಕಾದರು. ಆರ್ಕೆಸ್ಟ್ರಾದವರು ಕಾದರು. ಅವಳು ಮುಂದಕ್ಕೆ, ಮುಂದಕ್ಕೆ ಒತ್ತಿಕೊಂಡು ಹತ್ತನೇ ತರಗತಿಗೆ ವಾಪಸ್ಸು ಬಂದು, ಹಲಗೆ ಒರೆಸಿ, ಮೂವತ್ತರಲ್ಲಿ ಒಂದು ಎಂದರೆ ಅರವತ್ತರಲ್ಲಿ ಎರಡು ಎಂದು ಬರೆದಳು. ಎರಡು ಮತ್ತು ಒಂದು ಮೂರು, ಅರವತ್ತರಲ್ಲಿ ಮೂರು. ಸಂಗಮ ದೂರ ಇಪ್ಪತ್ತು ಸೆಂಟಿಮೀಟರ್.

ಯಾರೂ ತಕ್ಷಣ ಚಪ್ಪಾಳೆ ತಟ್ಟಲಿಲ್ಲ, ಉತ್ತರ ಸರಿಯೋ ತಪ್ಪೋ ಬಹಳ ಜನಕ್ಕೆ ಗೊತ್ತಿರಲಿಲ್ಲ ಎಂದು ನನ್ನ ಗುಮಾನಿ. ನಾನೇ ಮೊದಲು ತಟ್ಟಿದೆ, ಆಮೇಲೆ ಕಾಂಪೌಂಡಿನ ಕಡೆಯಿಂದ ಸದ್ದು ಎದ್ದಿತು. ಅಧಿಕಾರಿಗಳು ಮೈಕ್ ಹಿಡಿದು ಉದ್ದ ಮಾತಾಡಲಿಲ್ಲ. ಸಿ.ಡಿ.ಯನ್ನು ಬಿಡುಗಡೆ ಮಾಡದೆ ಪದ್ಮನಾಭರ ಕೈಗೇ ವಾಪಸ್ಸು ಕೊಟ್ಟು, “ಜನವರಿಯಲ್ಲಿ ಮತ್ತೆ ಬರ್ತೀನಿ, ಈ ಮಕ್ಕಳು ಲ್ಯಾಬಿನಲ್ಲಿ ಕೂತು ಓದೋದನ್ನ ನೋಡ್ಬೇಕು” ಅಂದರು.

ಮಾರನೆಯ ದಿನವೇ ಲ್ಯಾಬ್ ತೆರೆಯಿತು. ಸಮರ್ಥನೇ ಬಂದು ಸುವರ್ಣಾಳಿಂದ ಪಾಠ ಪೂರ್ತಿ ಕೇಳಿ ಪಡೆದು, ಒಂದನೆಯದರಿಂದ ಕೊನೆಯದರವರೆಗೆ ಯಾವ ಹೆಸರನ್ನೂ ಮುಟ್ಟದೆ ಹಾಕಿದ. ಮಾರ್ಚಿನವರೆಗೆ ದಿನಾ ಕೊನೆಯ ಪೀರಿಯಡ್ ಸಿ ವಿಭಾಗದ್ದಾಯಿತು. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಚೇತನಾ ಪಾಸಾಗಿದ್ದಳು, ಗಣಿತದಲ್ಲಿ ಅಂಚಿನಲ್ಲಿ. ಕಟ್ಟುಕಥೆಯಾಗಿದ್ದರೆ ರ‍್ಯಾಂಕ್ ಬರುತ್ತಿತ್ತು. ನಮಗೆ ಬಂದದ್ದು ಅಷ್ಟು, ನಮಗೆ ಅದೇ ರ‍್ಯಾಂಕ್.

ಅಷ್ಟರಲ್ಲಿ ಸುವರ್ಣಾಳ ಕೆಲಸದ ವಾಯಿದೆ ಮುಗಿದಿತ್ತು. ಏಪ್ರಿಲ್‌ನಲ್ಲೇ ಪದ್ಮನಾಭರು ಕರೆಸಿ, ಸಮಾರಂಭದ ದಿನ ಆಡಳಿತ ಮಂಡಳಿಗೆ ಅಗೌರವ ತೋರಿದ್ದಕ್ಕೆ ಕ್ಷಮಾಪಣೆ ಬರೆದುಕೊಟ್ಟರೆ ಮುಂದಿನ ವರ್ಷಕ್ಕೂ ತೆಗೆದುಕೊಳ್ಳುತ್ತೇವೆ ಅಂದರು. ಆವತ್ತೂ ನಾನು ಕರೆಯದೇ ಹೋಗಿದ್ದೆ.

“ಅದೊಂದು ನನಗ ಬರಂಗಿಲ್ರಿ ಸರ್” ಅಂದಳು ಅವಳು.

“ಎರಡು ಸಾಲು ಮೇಡಂ. ಅದರಲ್ಲೇನಿದೆ?”

“ತಪ್ಪು ಮಾಡಿದ್ರ ಎರಡು ಹಾಳಿ ಬರದು ಕೊಡ್ತಿದ್ದೆ.”

ನಮಸ್ಕಾರ ಮಾಡಿ ಹೊರಗೆ ಬಂದಳು. ನನಗೆ ತಡೆಯಲಾಗಲಿಲ್ಲ. ನನ್ನದು ಸರ್ಕಾರದ ಅನುದಾನದ ಹುದ್ದೆ. ಪದ್ಮನಾಭರು ನನ್ನನ್ನು ನೋಡಿ ಹಲ್ಲು ಕಡಿಯಬಹುದಿತ್ತು, ತೆಗೆಯುವಂತಿರಲಿಲ್ಲ. “ಸಾರ್, ಜೂನ್‌ನಿಂದ ಆ ಲ್ಯಾಬ್ ಪೀರಿಯಡ್ ನಾನು ತಗೋತೀನಿ. ನಾಲ್ಕನೇ ಕ್ಲಾಸಿಂದು ಇದೆ, ಒಂದನೇ ಕ್ಲಾಸಿಂದೂ ಹಾಕೋಣ ಅಂತಿದೀನಿ. ಏನಂತೀರಿ?” ಅಂದೆ. ಅವರು ಏನೂ ಅನ್ನಲಿಲ್ಲ, ನಾನು ಹೂಂ ಎಂದೇ ತಿಳಿದುಕೊಂಡೆ.

ಸುವರ್ಣಾಳಿಗೆ ಕೆಂಗೇರಿಯ ಆಚೆ ಒಂದು ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಶಾಲೆ ಶುರುವಾದ ವಾರದಲ್ಲಿ ಫೋನ್ ಮಾಡಿದೆ. ನನಗೆ ಅವಳ ಬಗ್ಗೆ ಸಂಕಟವಿತ್ತು, ಅದನ್ನು ತೋರಿಸಿಕೊಳ್ಳದೆ ಜೋರು ಮಾಡಿದೆ.

“ಏನೇ, ಆ ಕೊಂಪೇಲಿ ಕಂಪ್ಯೂಟರ್ ಆದ್ರೂ ಇದ್ಯಾ?”

“ಒಂದೈತ್ರಿ ಅಕ್ಕಾರ. ಹೆಡ್ ಮಾಸ್ತರ ಖೋಲ್ಯಾಗ. ಧೂಳ ಬೀಳಬಾರ್ದಂತ ಮ್ಯಾಲೆ ಬಟ್ಟಿ ಮುಚ್ಚಿಟ್ಟಿದ್ರು. ಯಾರೂ ಮುಟ್ಟಬಾರ್ದಂತ.”

“ಮತ್ತೆ?”

“ಬಟ್ಟಿ ತಗದೀನ್ರಿ.”